ಬೆಂಗಳೂರ ಸುತ್ತಣ ಬಯಲಿನ ಆಂಗಿಕಾಭಿನಯ

ರೋಮ್ ಚಕ್ರವರ್ತಿ ನೀರೋನ ಆಸ್ಥಾನಕ್ಕೆ ಪಾಂಟಸ್ ಸೀಮೆಯಿಂದ ಬಂದಿದ್ದ ರಾಜಪುತ್ರನೊಬ್ಬನು, ಅಲ್ಲಿಯ ನರ್ತಕನು ತುಟಿಯನ್ನೇ ತೆರೆಯದೆ ಅವಯವಗಳ ಚಲನೆ ಮಾತ್ರದಿಂದ ಪುರಾಣಕಥೆಯನ್ನು ಆಡಿ ತೋರಿಸಿದುದನ್ನು ಕಂಡು ಬೆರಗಾಗಿ, ಊರಿಗೆ ಹಿಂದಿರುಗುವ ಹೊತ್ತಿನಲ್ಲಿ ಬೇಕಾದುದನ್ನು ಕೇಳೆಂದು ಚಕ್ರವರ್ತಿಯು ಅಪ್ಪಣೆ ಕೊಡಿಸಲಾಗಿ, ಆ ನರ್ತಕನನ್ನೇ ತನಗೆ ದಯಪಾಲಿಸಬೇಕೆಂದು ಬೇಡಿದನೆಂದು, ಕ್ರಿಸ್ತಶಕ ಎರಡನೆಯ ಶತಮಾನದ ಗ್ರಂಥಕಾರನಾದ ಲೂಸಿಯನ್ನನು ನರ್ತನವನ್ನು ಕುರಿತ ತನ್ನ ಪ್ರಬಂಧದಲ್ಲಿ ಬರೆದಿದ್ದಾನೆ. ಈ ನರ್ತಕನಿಂದ ನಿನಗೇನು ಪ್ರಯೋಜನವೆಂದು ಕೇಳಿದುದಕ್ಕೆ ರಾಜಪುತ್ರನು ಕೊಟ್ಟ ಉತ್ತರವು ಸ್ವಾರಸ್ಯವಾದದ್ದು: ತನ್ನ ನೆರೆಯ ಜನಾಂಗಗಳು ಒಂದೊಂದೂ ಒಂದೊಂದು ನುಡಿಯವು, ಅವರೊಡನೆ ವ್ಯವಹರಿಸಲು ದುಭಾಷಿಗಳು ದೊರೆಯುವುದಿಲ್ಲ, ಇವನಿದ್ದರೆ ಸನ್ನೆಯಿಂದಲೇ ಎಲ್ಲವನ್ನೂ ಎಲ್ಲರಿಗೂ ತಿಳಿಯಪಡಿಸಿಯಾನು. ಇದಾಗಿ ಎರಡು ಶತಮಾನಗಳಿಗೂ ಹೆಚ್ಚು ಕಾಲ ಕಳೆದ ಮೇಲೆ ಸಂತ ಅಗಸ್ಟೀನನು ಇದೇ ಕಲೆಯನ್ನು ಪ್ರಸ್ತಾಪಿಸುತ್ತ ಬೇರೆಯೇ ಒಂದು ಸಂಗತಿಯನ್ನು ಹೇಳುತ್ತಾನೆ. ಕಾರ್ತೇಜ್ ಪಟ್ಟಣದಲ್ಲಿ ಈ ಮೂಕನರ್ತನವು ಹೊಸದಾಗಿ ಕಾಲಿಟ್ಟ ಕಾಲದಲ್ಲಿ, ನರ್ತಕನು ಏನನ್ನು ಅಭಿನಯಿಸುತ್ತಿದ್ದಾನೆಂಬುದನ್ನು ಜನರಿಗೆ ಕೂಗಿ ಹೇಳುವುದಕ್ಕೆ ಒಬ್ಬ ಸಾರುವವನನ್ನು ನಿಲ್ಲಿಸಬೇಕಾಗುತ್ತಿತ್ತಂತೆ. ಊರಿನ ಮುದುಕರು ಅದನ್ನು ಇನ್ನೂ ನೆನೆಯುತ್ತಿದ್ದರಂತೆ.

ಒಬ್ಬನ ಮತದಲ್ಲಿ ಶರೀರವು ದುಭಾಷಿಗಳಿಗೆಲ್ಲ ಮಿಗಿಲಾದ ದುಭಾಷಿ. ಇನ್ನೊಬ್ಬನ ಮತದಲ್ಲಿ ಆ ಶರೀರಕ್ಕೇ ಒಬ್ಬ ದುಭಾಷಿ ಬೇಕು. ಈ ವಿವಾದವನ್ನು ಯವನರಿಗೂ ರೋಮಕರಿಗೂ ಬಿಟ್ಟು ನಮ್ಮ ಪಾಡಿಗೆ ನಾವಿರಬಹುದಾಗಿತ್ತು. ಆದರೆ ಪೂರ್ವದಲ್ಲಿ ವೈಟ್‌ಫೀಲ್ಡ್ ಹೊಸಕೋಟೆಗಳಿಂದ ಹಿಡಿದು, ದಕ್ಷಿಣದಲ್ಲಿ ಬೇಗೂರು, ಎಲೆಕ್ಟ್ರಾನಿಕ್ ಸಿಟಿ, ಆನೇಕಲ್ಲುಗಳನ್ನು ಬಳಸಿ, ವಾಯವ್ಯದಲ್ಲಿ ಪೀಣ್ಯದಾಚೆಯ ತುಮಕೂರು ರಸ್ತೆಯವರೆಗೆ ಬೆಂಗಳೂರನ್ನು ಸುತ್ತಿಕೊಂಡಿರುವ ಬಯಲಿನಲ್ಲಿ, ಸಾವಿರ ವರ್ಷಗಳಿಂದ ಒಂದೇ ನುಡಿಯ ಜನ ಮಾತ್ರವೇ ಬಾಳಿದ ಕಾಲವು ಇದ್ದಂತೆ ತೋರುವುದಿಲ್ಲವಾದುದರಿಂದ, ಮಾತಿನ ನೆರವನ್ನು ನೆಚ್ಚದ ಕಥನಕಲೆಯು ಇಂತಹ ನೆಲದಲ್ಲಿ ಹೇಗೆ ಬೇರುಬಿಟ್ಟಿತು, ಅದರ ಪಕ್ಕದಲ್ಲಿ ನಿಂತು ಸಾರುತ್ತಿದ್ದವನು ಯಾರು ಎಂಬ ಪ್ರಶ್ನೆಯು ನಮ್ಮದೂ ಆಗುತ್ತದೆ.

ನುಡಿಗಳ ಬೆರಕೆಗೆ ಕಲ್ಲಿನ ಸಾಕ್ಷ್ಯವೇ ಇದೆ. ಬೇಗೂರಿನ ನಾಗೇಶ್ವರ ದೇವಾಲಯದ ಬಳಿಯಿರುವ, ಸುಮಾರು ಕ್ರಿ.ಶ. 890ರ ಕಾಲದ್ದೆಂದು ವಿದ್ವಾಂಸರು ಎಣಿಸಿರುವ ಶಾಸನವು ಹಳಗನ್ನಡದಲ್ಲಿದೆ. ಬೆಂಗಳೂರೆಂಬ ಹೆಸರು ನಮಗೆ ಮೊತ್ತಮೊದಲು ಕಾಣಸಿಗುವುದು ಅದರಲ್ಲಿ, ಅದೂ ಒಂದು ಕಾಳಗದ ಹೆಸರಾಗಿ. ಅಲ್ಲಿಂದ ಒಂದೆರಡು ಹರಿದಾರಿಯೊಳಗಿನ ದೊಮ್ಮಲೂರು ಮಡಿವಾಳಗಳ ದೇಗುಲದ ಗೋಡೆಗಳಲ್ಲಿಯೂ, ಇಂದು ಗಾಜಿನ ಸೌಧಗಳ ನಡುವೆ ಹುದುಗಿರುವ ಕಾಡುಗೋಡಿಯ ಸೀಮೆಯಲ್ಲಿಯೂ ದೊರೆಯುವ ಶಾಸನಗಳು ಚೋಳರ ಕಾಲದಿಂದ ಮೊದಲ್ಗೊಂಡ ತಮಿಳಿನವು. ಪೂರ್ವಕ್ಕೆ ನಡೆದಂತೆಲ್ಲ ತೆಲುಗು ಮನೆಮಾತಾಗುತ್ತದೆ. ಕೈವಾರದ ತಾತಯ್ಯನವರು ತೆಲುಗಿನಲ್ಲಿಯೂ ಕನ್ನಡದಲ್ಲಿಯೂ ಹಾಡಿದುದು ಆ ಸೀಮೆಯವರಿಗೆ ಸೋಜಿಗವೆಂದು ಎಂದಿಗೂ ತೋರಿರಲಾರದು. 1882ರಲ್ಲಿ ಚಾಮರಾಜೇಂದ್ರ ಒಡೆಯರು ಸುಮಾರು 3,900 ಎಕರೆ ನೆಲವನ್ನು ಆಂಗ್ಲೋ ಇಂಡಿಯನ್ ಜನರ ನೆಲಸುನಾಡಿಗೆಂದು ಕೊಟ್ಟು, ಡೇವಿಡ್ ವೈಟ್ ಎಂಬಾತನ ಹೆಸರಿನಿಂದ ವೈಟ್‌ಫೀಲ್ಡು ತಲೆಯೆತ್ತಿದ ಮೇಲೆ ಇಂಗ್ಲಿಷೂ ಬಂದು ಸೇರಿತು. ಐಟಿಯ ಕಾಲದಲ್ಲಿ ಭಾಷೆಗಳ ಜಾತ್ರೆ ನೆರೆಯಿತೆಂದು ಹೇಳುವವರು ಈ ಹಿಂದಿನದನ್ನು ಮರೆತಿರುತ್ತಾರೆ.

ಬೇಗೂರಿನದೇ ಇನ್ನೊಂದು ದೊಡ್ಡ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತುಂಬೆಪಾಡಿಯ ಕಾಳಗದಲ್ಲಿ ಮಡಿದ ನಾಗತ್ತರನ ವೀರಗಾಥೆಯನ್ನು ಅದು ಹೇಳುತ್ತದೆ. ಬರಹವೂ ಇದೆ, ಆದರೆ ಕಣ್ಣು ಮೊದಲು ಹೋಗಿ ನಾಟುವುದು ಬರಹದ ಮೇಲಲ್ಲ, ಆನೆ ಕುದುರೆಗಳ ಇಕ್ಕಟ್ಟಿನಲ್ಲಿ ಕತ್ತಿ ಬೀಸಲೆಂದು ಸೊಂಟವನ್ನು ತಿರುಚಿ ನಿಂತ ಕಾಲಾಳುಗಳ ಮೇಲೆ. ಕನ್ನಡ ನಾಡಿನ ವೀರಗಲ್ಲುಗಳು ಸಾಮಾನ್ಯವಾಗಿ ಕಥೆಯನ್ನು ಕೆಳಗಿನಿಂದ ಮೇಲಕ್ಕೆ ಪಟ್ಟಿಗಳಾಗಿ ಹೇಳುತ್ತವೆ: ಕೆಳಗೆ ಕಾದುವ ಶರೀರ, ನಡುವೆ ಅಪ್ಸರೆಯರ ತೋಳಿನಲ್ಲಿ ಏರಿಹೋಗುತ್ತಿರುವ ಶರೀರ, ಮೇಲೆ ಲಿಂಗದ ಮುಂದೆ ಕೈಮುಗಿದು ಕುಳಿತ ಶರೀರ. ಅಕ್ಷರ ಬಲ್ಲವರು ವಿರಳವಾಗಿದ್ದ ಕಾಲದಲ್ಲಿ, ದನಗಾಹಿಯೂ ಓದಬಹುದಾದ ಭಂಗಿಗಳ ಈ ಬರವಣಿಗೆಯನ್ನು ಆಂಗಿಕಾಭಿನಯದ ಶಿಲಾರೂಪವೆಂದರೆ ಅತ್ಯುಕ್ತಿಯಾಗಲಾರದು.

ಇನ್ನು ಶಾಸ್ತ್ರದ ಮಾತು. ಭರತಮುನಿಯು ಅಭಿನಯವನ್ನು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕವೆಂದು ನಾಲ್ಕಾಗಿ ವಿಂಗಡಿಸಿದುದನ್ನು ಎಲ್ಲರೂ ಕೇಳಿರುತ್ತಾರೆ. ಆದರೆ ಆ ಶಾಸ್ತ್ರದ ಒಂದು ಮಹತ್ತಾದ ಗ್ರಂಥದ ಕರ್ತೃವು ಪೀಣ್ಯದಿಂದ ತುಮಕೂರಿನ ಹಾದಿಯಲ್ಲಿ ಹೊರಟವನ ಎಡಗಡೆಗೆ ಗೋಚರವಾಗುವ ಶಿವಗಂಗೆಯ ಬೆಟ್ಟದ ಸೀಮೆಯವನೆಂಬುದನ್ನು ಅಷ್ಟು ಮಂದಿ ಕೇಳಿರಲಾರರು. ಹದಿನಾರನೆಯ ಶತಮಾನದ ಪುಂಡರೀಕ ವಿಠ್ಠಲನು ತನ್ನ ಊರು ಶಿವಗಂಗೆಯ ಬಳಿಯ ಸಾತನೂರೆಂದು ತಾನೇ ಹೇಳಿಕೊಂಡಿದ್ದಾನೆ. ಅಲ್ಲಿಂದ ಹೊರಟು ಖಾನದೇಶದ ಬುರ್ಹಾನ್ ಖಾನನ ಆಶ್ರಯವನ್ನೂ, ಆಮೇಲೆ ಕಛವಾಹ ರಜಪೂತರ ಆಶ್ರಯವನ್ನೂ ಪಡೆದು, ಕೊನೆಗೆ ಅಕ್ಬರನ ಪ್ರೀತ್ಯರ್ಥವಾಗಿ ನರ್ತನನಿರ್ಣಯವನ್ನು ರಚಿಸಿದ ಈ ಕನ್ನಡಿಗನು, ದಕ್ಷಿಣದ ಪದ್ಧತಿಯನ್ನು ಬೆನ್ನಿಗೆ ಕಟ್ಟಿಕೊಂಡು ಪರಭಾಷೆಯ ಆಸ್ಥಾನಗಳಲ್ಲಿ ಬಾಳಿದವನು. ಲೂಸಿಯನ್ನನ ರಾಜಪುತ್ರನ ಇಂಗಿತವು ಇವನಿಗೆ ಚೆನ್ನಾಗಿಯೇ ತಿಳಿಯುತ್ತಿತ್ತು. ಮೈಸೂರಿನ ವಿದ್ವಾಂಸರಾದ ರಾ. ಸತ್ಯನಾರಾಯಣರು ಈ ಗ್ರಂಥವನ್ನು ಸಂಪಾದಿಸಿ, ಮೂರು ಸಂಪುಟಗಳಲ್ಲಿ ವ್ಯಾಖ್ಯಾನಸಹಿತವಾಗಿ ಬೆಳಕಿಗೆ ತಂದಿದ್ದಾರೆ. ಅದರ ಪ್ರಕರಣಗಳ ಅನುಕ್ರಮವನ್ನು ಗಮನಿಸಬೇಕು: ಮೊದಲು ತಾಳಧಾರಿ, ಬಳಿಕ ಮೃದಂಗಿ, ಬಳಿಕ ಗಾಯಕ, ಇವರೆಲ್ಲರೂ ತಮ್ಮ ತಮ್ಮ ಸ್ಥಾನದಲ್ಲಿ ಕುಳಿತಾದ ಮೇಲೆ ನಾಲ್ಕನೆಯವನಾಗಿ ನರ್ತಕನು ಬರುತ್ತಾನೆ. ನರ್ತನದ ಹೆಸರನ್ನೇ ಹೊತ್ತ ಗ್ರಂಥದಲ್ಲಿ ನರ್ತಕನಿಗೆ ಕೊನೆಯ ಪ್ರಕರಣ! ನಮ್ಮ ಸಂಪ್ರದಾಯದಲ್ಲಿ ಮಾತಾಡದ ಶರೀರವು ಎಂದೂ ಒಂಟಿಯಾಗಿ ರಂಗಕ್ಕೆ ಬಂದುದಿಲ್ಲ. ಅದರ ಬೆನ್ನಿಗೆ ಹಾಡುವವನು ಇದ್ದೇ ಇರುತ್ತಾನೆ. ಮೈಸೂರಿನ ಜಟ್ಟಿ ತಾಯಮ್ಮನವರೂ ಅವರ ಶಿಷ್ಯೆ ವೆಂಕಟಲಕ್ಷಮ್ಮನವರೂ ಪದವೊಂದರ ಒಂದೇ ಸಾಲನ್ನು ಮುಖದಲ್ಲಿ ಬಗೆಬಗೆಯಾಗಿ ಅರಳಿಸುತ್ತಿದ್ದುದನ್ನು ರಸಿಕರು ಕೊಂಡಾಡಿದ್ದಾರೆ. ಸಾಲು ಇದ್ದುದರಿಂದ ತಾನೆ ಅರಳಿಸುವುದು ಸಾಧ್ಯವಾದದ್ದು.

ಇಷ್ಟನ್ನು ಪೀಠಿಕೆಯಾಗಿ ಹೇಳಿ, ಈ ಬಯಲಿನ ಅತ್ಯಂತ ಸಂಪನ್ನವಾದ ಆಂಗಿಕ ಕಥನವಾದ ಕರಗಕ್ಕೆ ಬರೋಣ. ಕರಗವೆಂದೊಡನೆ ಜನರಿಗೆ ನೆನಪಾಗುವುದು ಬೆಂಗಳೂರಿನ ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಾಲಯವೂ ಚೈತ್ರದ ಹುಣ್ಣಿಮೆಯ ರಾತ್ರಿಯೂ. ಆದರೆ ಅದು ಪೇಟೆಗೆ ಮಾತ್ರ ಸೇರಿದ ಆಚರಣೆಯಲ್ಲ. ಆನೇಕಲ್ಲಿನಲ್ಲಿ, ಹೊಸಕೋಟೆಯಲ್ಲಿ, ಮಾಲೂರು ಕೋಲಾರಗಳಲ್ಲಿ ಕರಗಗಳುಂಟು. ಧರ್ಮರಾಯನ ಗುಡಿ ಇರುವೆಡೆಯಲ್ಲೆಲ್ಲ, ಹತ್ತಿರದಲ್ಲಿಯೇ ಒಂದು ಕೆರೆಯೂ, ಆ ಕೆರೆಯ ಕೆಳಗೆ ಹೂವು, ಸೊಪ್ಪು, ತರಕಾರಿಗಳ ತೋಟವೂ, ಆ ತೋಟವನ್ನು ಬೆಳೆಸುವ ತಿಗಳರ ಮನೆಗಳೂ ಇರುವುದು ವಾಡಿಕೆ. ವಹ್ನಿಕುಲ ಕ್ಷತ್ರಿಯರೆಂದು ತಮ್ಮನ್ನು ಕರೆದುಕೊಳ್ಳುವ ಈ ತೋಟಗಾರ ಜನರ ಪೂರ್ವಿಕರು ತಮಿಳು ಸೀಮೆಯಿಂದ ಬಂದವರೆನ್ನುತ್ತಾರೆ. ದ್ರೌಪದಿಯ ಆರಾಧನೆಯ ಮೂಲನೆಲೆ ತಮಿಳುನಾಡಿನ ಜಿಂಜಿಯ ಸೀಮೆಯೆಂದು ಆಲ್ಫ್ ಹಿಲ್ಟೆಬೈಟೆಲ್ ಎಂಬ ವಿದ್ವಾಂಸನು ವಿಸ್ತಾರವಾಗಿ ನಿರೂಪಿಸಿದ್ದಾನೆ. ಅಲ್ಲಿಯ ಉತ್ಸವಗಳಲ್ಲಿ ಹಗಲು ಭಾರತದ ಪಠನ, ರಾತ್ರಿ ತೆರುಕ್ಕೂತ್ತು ಎಂಬ ಬಯಲಾಟ; ಕೊನೆಯ ದಿನ ನೆಲದ ಮೇಲೆ ಮಣ್ಣಿನಿಂದ ಮಾಡಿ ಮಲಗಿಸಿದ ದುರ್ಯೋಧನನ ಮಹಾಕಾಯದ ತೊಡೆಗೆ ಭೀಮವೇಷದವನು ಗದೆಯಿಂದ ಬಡಿದ ಮೇಲೆ ದ್ರೌಪದಿಯು ಮುಡಿ ಕಟ್ಟುತ್ತಾಳೆ, ಭಕ್ತರು ಕೆಂಡ ತುಳಿಯುತ್ತಾರೆ. ಹೊಸೂರಿನ ಗಡಿಯನ್ನು ದಾಟಿ ಈಚೆಗೆ ಬರುವ ವೇಳೆಗೆ ಆ ವಿಸ್ತಾರವಾದ ನಾಟಕವೆಲ್ಲ ಸಂಕ್ಷೇಪಗೊಂಡು, ಮಾತು ಉದುರಿಹೋಗಿ, ಒಬ್ಬನೇ ಮನುಷ್ಯನ ತಲೆ, ಬೆನ್ನು, ಪಾದಗಳಲ್ಲಿ ಘನೀಭವಿಸಿದಂತೆ ನನಗೆ ತೋರುತ್ತದೆ.

ಕಥೆಯು ವ್ಯಾಸಭಾರತದಲ್ಲಿ ಇಲ್ಲದ್ದು. ಪಾಂಡವರು ಸ್ವರ್ಗಾರೋಹಣಕ್ಕೆ ಹೊರಟಾಗ ದ್ರೌಪದಿಯು ದಾರಿಯಲ್ಲಿ ಮೂರ್ಛೆ ಹೋಗಿ ಹಿಂದುಳಿದಳು. ಎಚ್ಚರಗೊಂಡು ನೋಡುವಲ್ಲಿ ತಿಮಿರಾಸುರನೆಂಬ ದೈತ್ಯನು ಎದುರಿಗಿದ್ದನು. ಆಗ ಆಕೆ ಆದಿಶಕ್ತಿಯ ರೂಪವನ್ನು ತಾಳಿ, ತಲೆಯಿಂದ ಗಣಾಚಾರಿಯನ್ನೂ ಕಿವಿಯಿಂದ ಗೌಡನನ್ನೂ ಬಾಯಿಂದ ಗಂಟೆಪೂಜಾರಿಯನ್ನೂ ಹೆಗಲಿನಿಂದ ವೀರಕುಮಾರರನ್ನೂ ಸೃಷ್ಟಿಸಿ, ಅವರ ಪಡೆಯಿಂದ ಅಸುರನನ್ನು ಕೊಲ್ಲಿಸಿದಳು. ತಾಯಿಯು ತಮ್ಮನ್ನು ಬಿಟ್ಟು ಹೋಗುವಳೆಂದು ಮಕ್ಕಳು ಗೋಳಿಡಲು, ವರ್ಷಕ್ಕೊಮ್ಮೆ ಮೂರು ದಿನ ನಿಮ್ಮೊಡನೆ ಇರುವೆನೆಂದು ಮಾತು ಕೊಟ್ಟಳು. ಆ ಮಾತಿನ ನಡಸುವಿಕೆಯೇ ಕರಗ. ಉತ್ಸವದ ಅಧಿಕಾರಿಗಳೆಲ್ಲರೂ, ಗಣಾಚಾರಿಯಾಗಲಿ ಗೌಡನಾಗಲಿ ಗಂಟೆಪೂಜಾರಿಯಾಗಲಿ, ಒಂದು ಶರೀರದ ಅಂಗಗಳಿಂದ ಹುಟ್ಟಿದವರಾಗಿರುವುದನ್ನು ನೋಡಿ; ಮೆರವಣಿಗೆ ಹೊರಟಾಗ ಬೀದಿಯಲ್ಲಿ ನಡೆಯುವುದು ಒಂದು ಗುಂಪಲ್ಲ, ಆಕೆಯ ತಲೆಯೂ ಬಾಯೂ ಹೆಗಲೂ ಬಿಡಿಬಿಡಿಯಾಗಿ ಜೊತೆಯಲ್ಲಿ ನಡೆಯುತ್ತಿರುತ್ತವೆ.

ಯುಗಾದಿಯ ಬಳಿಕ ಧ್ವಜಾರೋಹಣದಿಂದ ಮೊದಲಾಗುವ ಉತ್ಸವದಲ್ಲಿ ದ್ವಾದಶಿಯಂದು ಆರತಿ, ತ್ರಯೋದಶಿಯಂದು ಹಸಿ ಕರಗ, ಚತುರ್ದಶಿಯಂದು ಪೊಂಗಲು ಸೇವೆ, ಪೂರ್ಣಿಮೆಯಂದು ಹೂವಿನ ಕರಗ, ಕೊನೆಗೆ ವಸಂತೋತ್ಸವದ ಅರಿಸಿನ ನೀರಿನ ಓಕುಳಿ. ಹಸಿ ಕರಗವು ಸುಡದ ಮಣ್ಣಿನದು. ಅದು ಬರುವುದು ಕೆರೆಯಂಗಳದಿಂದ. ಬೆಂಗಳೂರಿನಲ್ಲಿ ಆ ಕೆರೆಯು ಸಂಪಂಗಿ ಕೆರೆಯಾಗಿತ್ತು. ಕೆರೆ ಬತ್ತಿ ಕಂಠೀರವ ಕ್ರೀಡಾಂಗಣವಾದ ಮೇಲೆಯೂ ಒಂದು ಮೂಲೆಯಲ್ಲಿ ಸಣ್ಣದೊಂದು ಕೊಳವನ್ನು ಕರಗಕ್ಕೆಂದೇ ಉಳಿಸಬೇಕಾಯಿತು. ಕರಗ ಹೊರುವ ಅರ್ಚಕನು ಸೀರೆಯುಟ್ಟು, ಕೈಗೆ ಬಳೆ, ಕೊರಳಿಗೆ ಮಾಂಗಲ್ಯ, ಹಣೆಗೆ ಕುಂಕುಮಗಳನ್ನು ಧರಿಸಿ ಹೆಂಗಸಾಗುತ್ತಾನೆ. ಆತನ ತಲೆಯ ಮೇಲೆ ಮಲ್ಲಿಗೆಯ ಗೋಪುರವೇ ಏರುತ್ತದೆ. ಕೈಗಳಲ್ಲಿ ಕಠಾರಿಯೂ ಕೋಲೂ ಇರುವುದರಿಂದ, ಇರದಿದ್ದರೂ ನಿಯಮದಿಂದ, ಕರಗವನ್ನು ಕೈಯಿಂದ ಮುಟ್ಟುವಂತಿಲ್ಲ. ಅದು ಜಾರಿ ಬಿದ್ದರೆ ಊರಿಗೇ ಕೇಡೆಂಬ ಭಯವುಂಟು. ನಡುರಾತ್ರಿ ಕಳೆದು ಹೊರಟ ಮೇಲೆ ಬೆಳಗಾಗುವವರೆಗೂ ಪೇಟೆಯ ಗಲ್ಲಿಗಲ್ಲಿಯನ್ನು ಸುತ್ತಿ, ಕಾಟನ್‌ಪೇಟೆಯ ತವಕ್ಕಲ್ ಮಸ್ತಾನರ ದರ್ಗಾಕ್ಕೂ ಹೋಗಿ ಬರಬೇಕು. ಇದು ಅಭಿನಯವೇ ಎಂದು ಕೇಳುವವರಿದ್ದಾರೆ. ಪಾತ್ರವಿದೆ, ವೇಷವಿದೆ, ಕಥೆಯಿದೆ. ಇಲ್ಲದಿರುವುದು ಸಂವಾದ ಒಂದೇ. ಆ ಶಿರೋಭಾರದ ಕೆಳಗೆ ಕುತ್ತಿಗೆಯು ನೆಟ್ಟಗಿರಬೇಕಾದುದರಿಂದ ಮುಖದ ಭಾವಗಳಿಗೂ ದೃಷ್ಟಿಭೇದಗಳಿಗೂ ಎಡೆಯೇ ಇಲ್ಲ. ಭರತನು ಎಣಿಸಿದ ಶಿರೋಭೇದಗಳೆಲ್ಲವನ್ನೂ ಒಂದೇ ಏಟಿಗೆ ತ್ಯಜಿಸಿ, ಸೊಂಟದಿಂದ ಕೆಳಗಣ ಲಯದಲ್ಲಿ ಮಾತ್ರವೇ ಒಬ್ಬ ಸ್ತ್ರೀಯ ಕೋಪವನ್ನೂ ಕಾರುಣ್ಯವನ್ನೂ ತೋರುವ ಈ ಕಲೆಯು, ನನಗಂತೂ, ಅಭಿನಯದ ವಿಸ್ತರಣಕ್ಕಿಂತ ಹೆಚ್ಚು ಕಷ್ಟವಾದ ಅದರ ನಿಗ್ರಹದ ಕಲೆಯಾಗಿ ಕಾಣುತ್ತದೆ.

ಇಂತಹ ದೇಹವು ತಾನಾಗಿ ಬರುವುದಿಲ್ಲ. ಅರ್ಚಕನ ವ್ರತವೂ ಅಭ್ಯಾಸವೂ ತಿಂಗಳುಗಟ್ಟಲೆಯದು. ಬರಿಯ ಕತ್ತಿಯನ್ನು ಹಿಡಿದು ಸುತ್ತುವರಿದು ಓಡುವ, ಅಲಗು ಸೇವೆಯಲ್ಲಿ ಅದೇ ಕತ್ತಿಯನ್ನು ತಮ್ಮ ಎದೆಗೆ ಹೊಡೆದುಕೊಳ್ಳುವ ವೀರಕುಮಾರರು ಬೆಳೆದದ್ದು ಗರಡಿಮನೆಗಳಲ್ಲಿ. ಕರಗವನ್ನೂ ನಗರದ ನೆನಪನ್ನೂ ಕೂಡಿಸಿ ಅಧ್ಯಯನ ಮಾಡಿ 2001ರಲ್ಲಿ ಗ್ರಂಥವನ್ನು ಪ್ರಕಟಿಸಿದ ಸ್ಮೃತಿ ಶ್ರೀನಿವಾಸ್ ಅವರು ಗರಡಿ, ತೋಟ, ಕೆರೆ ಈ ಮೂರಕ್ಕೂ ಕರಗಕ್ಕೂ ಇರುವ ನಂಟನ್ನು ಎತ್ತಿ ತೋರಿಸಿದ್ದಾರೆ. ಗುದ್ದಲಿ ಹಿಡಿದು ಮಡಿ ಕಡಿಯುವ, ಕಪಿಲೆ ಹೊಡೆಯುವ ಬೆನ್ನೇ ಸಂಜೆ ಗರಡಿಯ ಕೆಮ್ಮಣ್ಣಿನಲ್ಲಿ ಹೊರಳಿ, ಚೈತ್ರದಲ್ಲಿ ಕತ್ತಿ ಹಿಡಿಯುತ್ತಿದ್ದ ಕಾಲದಲ್ಲಿ ವೃತ್ತಿಗೂ ವೇಷಕ್ಕೂ ನಡುವೆ ಅಂತರವಿರಲಿಲ್ಲ. ಕೆರೆ ಬಡಾವಣೆಯಾಗಿ, ತೋಟ ಅಪಾರ್ಟ್‌ಮೆಂಟಾಗಿ, ತೋಟಗಾರನ ಮಗನು ಕಂಪನಿಯ ಕ್ಯಾಬ್ ಓಡಿಸುವವನಾದ ಮೇಲೆ ಆ ಬೆನ್ನನ್ನು ಬೇರೆಯಾಗಿಯೇ ತಯಾರಿಸಿಕೊಳ್ಳಬೇಕಾಗಿದೆ. ಆದರೂ ವೀರಕುಮಾರರಾಗುವ ಜನ ಕಡಮೆಯಾಗಿಲ್ಲ, ಹೆಚ್ಚಿದ್ದಾರೆ.

ಈಗ ಅಗಸ್ಟೀನನ ಪ್ರಶ್ನೆ: ಇಲ್ಲಿ ಸಾರುವವನು ಯಾರು? ಕಥೆಯನ್ನು ಅರಿಯದವನಿಗೆ ಕರಗವು ಹೂವಿನ ಗೋಪುರ ಹೊತ್ತ ಓಟ ಮಾತ್ರವಾಗಿ ಕಂಡೀತು. ಅದಕ್ಕೆಂದೇ ಉತ್ಸವದೊಳಗೆ ಕರಗದ ಪುರಾಣವನ್ನು ಹೇಳಿಸುವ ಕ್ರಮವಿದೆ. ಮನೆಯಲ್ಲಿ ಅಜ್ಜಿಯ ಬಾಯಲ್ಲಿ ಅದೇ ಕಥೆ ಮತ್ತೆ ಮತ್ತೆ ಬರುತ್ತಿತ್ತು. ತಮಿಳಾದರೇನು ತೆಲುಗಾದರೇನು ಕನ್ನಡವಾದರೇನು, ಮನೆಯಲ್ಲಿ ಯಾವುದೋ ಒಂದು ನುಡಿಯಲ್ಲಿ ಕಥೆಯನ್ನು ಕೇಳಿ ಬಂದವರೆಲ್ಲರೂ ಬೀದಿಯಲ್ಲಿ ನುಡಿಯಿಲ್ಲದ ಅದೇ ಕಥೆಯ ಮುಂದೆ ಒಟ್ಟಾಗಿ ನಿಲ್ಲುತ್ತಿದ್ದರು. ಪಾಂಟಸ್ಸಿನ ರಾಜಪುತ್ರನು ನರ್ತಕನನ್ನು ಕೊಂಡೊಯ್ದರೆ ಸಾಕೆಂದುಕೊಂಡನು. ತನ್ನ ನೆರೆಯವರಿಗೆ ಆ ಪುರಾಣಗಳು ತಿಳಿದಿವೆಯೇ ಎಂದು ವಿಚಾರಿಸಿಕೊಂಡಂತೆ ಕಾಣುವುದಿಲ್ಲ.

ಹಳ್ಳಿಗಳ ಬಯಲಾಟದಲ್ಲಿ ಸಾರುವವನು ರಂಗದ ಮೇಲೆಯೇ ಇರುತ್ತಾನೆ. ತುಮಕೂರಿನ ಕಡೆಗೆ ಮೂಡಲಪಾಯವೆಂದೂ, ಹೊಸಕೋಟೆ ಕೋಲಾರಗಳ ಕಡೆಗೆ ಕೇಳಿಕೆಯೆಂದೂ ಹೆಸರು ಪಡೆದ ಈ ಆಟಗಳನ್ನು ಕರಾವಳಿಯ ಯಕ್ಷಗಾನದ ಕೀರ್ತಿಯು ಬಹಳ ಕಾಲ ಮರೆಮಾಡಿತ್ತು, ಜೀ.ಶಂ. ಪರಮಶಿವಯ್ಯನವರಂತಹ ಜಾನಪದ ವಿದ್ವಾಂಸರು ಮೂಡಲಪಾಯದ ಪರವಾಗಿ ದುಡಿದ ಮೇಲೆಯೇ ವಿದ್ಯಾವಂತರ ಕಣ್ಣು ಇತ್ತ ಹೊರಳಿದ್ದು. ಸುಗ್ಗಿ ಕಳೆದ ಬಿಡುವಿನಲ್ಲಿ ಭಾಗವತನೊಬ್ಬನನ್ನು ಊರಿಗೆ ಕರೆಸಿ, ಇರುಳೆಲ್ಲ ಕಲಿತು, ಹಲಗೆಯ ಅಟ್ಟ ಕಟ್ಟಿ, ಬೆಳಗಿನವರೆಗೆ ಆಡುವ ಒಕ್ಕಲಿಗರೇ ಅಲ್ಲಿ ನಟರು. ಕಿರೀಟ, ಭುಜಕೀರ್ತಿ, ಎದೆಹಾರಗಳ ಭಾರವು ಸೂಕ್ಷ್ಮವಾದ ಮುಖಾಭಿನಯಕ್ಕೆ ಆಸ್ಪದ ಕೊಡುವುದಿಲ್ಲ. ಪಂಜಿನ ಬೆಳಕಿನಲ್ಲಿ ದೂರದವರಿಗೂ ಕಾಣುವಂತೆ ಹೆಜ್ಜೆಯು ಹಲಗೆಯ ಮೇಲೆ ಗುಡುಗಬೇಕು, ತೋಳು ಇಡಿಯಾಗಿ ಬೀಸಬೇಕು. ಇಬ್ಬರು ಹಿಡಿದ ತೆರೆಯ ಹಿಂದಿನಿಂದ ವೇಷವು ಬಂದೊಡನೆ ಸಾರಥಿಯು ಅಡ್ಡ ನಿಂತು, ನೀವು ಯಾರು, ಯಾವ ದೇಶದ ಅರಸರು, ಏನು ಕಾರಣವಾಗಿ ಬಂದಿರಿ ಎಂದು ವಿಚಾರಿಸುತ್ತಾನೆ. ಓದಿದವರು ಈ ಪ್ರಶ್ನೋತ್ತರವನ್ನು ಕೇಳಿ ನಗುವುದುಂಟು. ಕಾರ್ತೇಜಿನ ಮುದುಕರು ನಗುತ್ತಿರಲಿಲ್ಲ. ಕೋಲಾರದ ಸೀಮೆಯ ಕೇಳಿಕೆಗಳಲ್ಲಿ ಹಾಡುಗಳು ತೆಲುಗಿನಲ್ಲಿದ್ದು ಕೇಳುವವರಲ್ಲಿ ಕನ್ನಡದವರೂ ಬೆರೆತಿರುವುದು ಸಾಮಾನ್ಯ. ಪದ್ಯದ ಅರ್ಥವು ಪೂರ್ತಿ ಹಿಡಿಯದಿದ್ದರೂ ಕೀಚಕನ ನಡಿಗೆಯಿಂದಲೇ ಕೀಚಕನನ್ನು ಬಲ್ಲ ಪ್ರೇಕ್ಷಕರು ಅಲ್ಲಿದ್ದರು.

ಮಾತನ್ನು ತೆಗೆದುಹಾಕಿದರೆ ಏನಾಗುವುದೆಂಬ ಪ್ರಯೋಗವನ್ನು ಕರಾವಳಿಯಲ್ಲಿ ಶಿವರಾಮ ಕಾರಂತರು ಬುದ್ಧಿಪೂರ್ವಕವಾಗಿ ನಡೆಸಿ, ಅರ್ಥಗಾರಿಕೆಯೆಂಬ ಮಾತುಗಾರಿಕೆಯನ್ನು ಕೈಬಿಟ್ಟ ಯಕ್ಷಗಾನ ಬ್ಯಾಲೆಯನ್ನು ರೂಪಿಸಿ ಪರದೇಶಗಳಿಗೂ ಕೊಂಡೊಯ್ದರು. ಅರ್ಥಗಾರಿಕೆಯ ಅಭಿಮಾನಿಗಳು ಅದನ್ನು ಮೆಚ್ಚಲಿಲ್ಲ. ಇಬ್ಬರ ಪಕ್ಷದಲ್ಲಿಯೂ ನ್ಯಾಯವಿತ್ತು. ಆದರೆ ಕಾರಂತರೂ ಹಾಡುವ ಭಾಗವತನನ್ನು ಬಿಡಲಿಲ್ಲವೆಂಬುದನ್ನು ಮಾತ್ರ ಇಲ್ಲಿ ಹೇಳಿ ಮುಂದೆ ಹೋಗುತ್ತೇನೆ.

ಸ್ವಾತಂತ್ರ್ಯ ಬಂದ ದಶಕದಲ್ಲಿ ಈ ಬಯಲಿಗೆ ಯಂತ್ರಗಳು ಇಳಿದವು. 1948ರಲ್ಲಿ ಕೃಷ್ಣರಾಜಪುರದ ಬಳಿ ಐಟಿಐ, 1950ರ ದಶಕದ ಮೊದಲ ಭಾಗದಲ್ಲಿ ಜಾಲಹಳ್ಳಿಯ ಕಡೆ ಎಚ್‌ಎಂಟಿ ಮತ್ತು ಬಿಇಎಲ್. ಬಳಿಕ ಜಾಲಹಳ್ಳಿಗೆ ಹೊಂದಿಕೊಂಡಂತೆ 1970ರ ದಶಕದಲ್ಲಿ ಪೀಣ್ಯದ ಕೈಗಾರಿಕಾ ಪ್ರದೇಶ. 1978ರಲ್ಲಿ ಕಿಯೋನಿಕ್ಸ್ ಸಂಸ್ಥೆಯು ಆರ್.ಕೆ. ಬಾಳಿಗರ ಕನಸಿನಂತೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ಸ್ಥಾಪಿಸಿದ ಎಲೆಕ್ಟ್ರಾನಿಕ್ ಸಿಟಿ. ಸಾರ್ವಜನಿಕ ಉದ್ಯಮಗಳ ವಸತಿ ಬಡಾವಣೆಗಳಲ್ಲಿ ಕನ್ನಡ ಸಂಘಗಳೂ ಲಲಿತಕಲಾ ಸಂಘಗಳೂ ಹುಟ್ಟಿ, ಸಂಜೆಯ ಪಾಳಿ ಮುಗಿಸಿದವರು ಬಣ್ಣ ಹಚ್ಚಿ ನಾಟಕವಾಡಿದರು. ಅದು ಮಾತಿನ ರಂಗಭೂಮಿ. ಕೈಲಾಸಂ ಅವರ ವಾರಸುದಾರರಿಂದ ಬೇರೇನನ್ನು ನಿರೀಕ್ಷಿಸಬೇಕು!

ಶರೀರವು ಮತ್ತೆ ಮುಂದಕ್ಕೆ ಬಂದುದು ಬೀದಿ ನಾಟಕದಿಂದ. ತುರ್ತುಪರಿಸ್ಥಿತಿಯ ವರ್ಷವಾದ 1975ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ‘ಸಮುದಾಯ’ವೆಂಬ ರಂಗತಂಡವು 1979ರಲ್ಲಿ ನಾಡನ್ನೆಲ್ಲ ಸುತ್ತುವ ಜಾಥಾ ಹೊರಡಿಸಿತು. ಬಿಹಾರದ ಬೆಲ್ಚಿ ಗ್ರಾಮದಲ್ಲಿ 1977ರಲ್ಲಿ ನಡೆದ ದಲಿತರ ಹತ್ಯೆಯನ್ನು ವಸ್ತುವಾಗಿ ಉಳ್ಳ ಅದರ ಬೀದಿ ನಾಟಕವು ಜನರ ನೆನಪಿನಲ್ಲಿ ನಿಂತಿದೆ. ತೆರೆಯಿಲ್ಲ, ದೀಪವಿಲ್ಲ, ಪೀಠೋಪಕರಣವಿಲ್ಲ. ನಾಲ್ವರು ಬಾಗಿ ನಿಂತರೆ ಗುಡಿಸಲು, ಕೈ ಕೋದರೆ ಬೇಲಿ, ಒಬ್ಬನ ಬೆನ್ನೇ ಜಮೀನುದಾರನ ಕುರ್ಚಿ. ಬಂಗಾಳದ ಬಾದಲ್ ಸರ್ಕಾರರು ತಮ್ಮ ಮೂರನೆಯ ರಂಗಭೂಮಿಯಲ್ಲಿ ಬಯಸಿದುದೂ ಹೀಗೆ ಮನುಷ್ಯದೇಹವನ್ನೇ ರಂಗಸಜ್ಜಿಕೆಯನ್ನಾಗಿ ಮಾಡುವುದನ್ನು. ಪಾಳಿ ಬದಲಾಗುವ ಹೊತ್ತಿನ ಕಾರ್ಖಾನೆಯ ಗೇಟಿಗಿಂತ ಇಂತಹ ಆಟಕ್ಕೆ ಪ್ರಶಸ್ತವಾದ ಸ್ಥಳವಿಲ್ಲ. 1980ರ ಡಿಸೆಂಬರಿನಿಂದ ಮರುವರ್ಷದ ಮಾರ್ಚಿಯವರೆಗೆ ಬೆಂಗಳೂರಿನ ಸಾರ್ವಜನಿಕ ಉದ್ಯಮಗಳ ಕಾರ್ಮಿಕರು 77 ದಿನ ಮುಷ್ಕರ ಹೂಡಿದ ಕಾಲಕ್ಕೆ ಗೇಟಿನ ಮುಂದಣ ಬಯಲು ಹಾಡಿಗೂ ಭಾಷಣಕ್ಕೂ ಸಭಾಂಗಣವೇ ಆಗಿತ್ತು. ಈ ಆಟಕ್ಕೆ ಸಾರುವವನು ಬೇಕಾಗುತ್ತಿರಲಿಲ್ಲವೆನ್ನಲಾಗದು, ತಮಟೆಯೂ ಮೇಳದ ಹಾಡೂ ಆ ಕೆಲಸವನ್ನು ಮಾಡುತ್ತಿದ್ದವು. ಆದರೆ ಕೂಲಿ, ಸಾಲ, ಯಂತ್ರಕ್ಕೆ ಸಿಕ್ಕ ಬೆರಳು ಇವುಗಳ ಕಥೆಯನ್ನು ನೋಡುವವನೂ ಮನೆಯಿಂದಲೇ ತಿಳಿದು ಬಂದಿರುತ್ತಿದ್ದನು. ದ್ರೌಪದಿಯ ಕಥೆಯು ತೋಟದವರಿಗೆ ಹೇಗೋ ಹಾಗೆ ಇದು ಗೇಟಿನವರಿಗೆ.

ಇಲ್ಲಿ ಪ್ರಸಂಗವಶಾತ್ ಒಂದು ಮಾತು. ಕಬ್ಬಿಣದ ಸದ್ದಿನಲ್ಲಿ ಕಿವಿ ಕೆಲಸಕ್ಕೆ ಬಾರದ ಕಾರ್ಖಾನೆಯೊಳಗೆ ಕ್ರೇನ್ ನಡೆಸುವವನಿಗೂ ಕೆಳಗೆ ನಿಂತವನಿಗೂ ನಡೆಯುವ ವ್ಯವಹಾರವೆಲ್ಲ ಹಸ್ತಗಳಿಂದಲೇ. ಮುಂಗೈಯನ್ನು ಮೇಲಕ್ಕೆತ್ತಿ ತೋರುಬೆರಳಿನಿಂದ ಸಣ್ಣ ಸುತ್ತು ಹಾಕಿದರೆ ಭಾರವನ್ನು ಏರಿಸು. ತೋಳನ್ನು ಕೆಳಕ್ಕೆ ಚಾಚಿ ಅದೇ ಸುತ್ತು ಹಾಕಿದರೆ ಇಳಿಸು. ನಮ್ಮ ಅಭಿನಯಗ್ರಂಥಗಳು ಸೂಚೀಹಸ್ತವೆಂದು ಕರೆಯುವುದು ಈ ಬೆರಳಿನ ಭಂಗಿಯನ್ನೇ. ಪೀಣ್ಯಕ್ಕೆ ರಾಯಚೂರಿನಿಂದಲೂ ಧರ್ಮಪುರಿಯಿಂದಲೂ, ಈಚೆಗೆ ಒಡಿಶಾ ಬಿಹಾರಗಳಿಂದಲೂ ಬಂದವರು ಒಬ್ಬರ ನುಡಿಯನ್ನು ಒಬ್ಬರು ಕಲಿಯುವ ಮುಂಚೆಯೇ ಇದನ್ನು ಕಲಿತುಬಿಡುತ್ತಾರೆ. ನೀರೋನಿಂದ ಪಡೆದ ನರ್ತಕನು ಪಾಂಟಸ್ಸಿಗೆ ಮಾಡಿಕೊಡಬಹುದಾಗಿದ್ದ ಉಪಕಾರವೂ ಬಹುಶಃ ಇಷ್ಟರದೇ ಇರಬೇಕು: ಏರಿಸು, ಇಳಿಸು, ನಿಲ್ಲಿಸು.

ವೈಟ್‌ಫೀಲ್ಡಿನ ಕಡೆಯಲ್ಲಿ ನಾಟಕಕ್ಕೆಂದೇ ಕಟ್ಟಿದ ಮನೆಯು ಬಂದದ್ದು ತೀರ ಈಚೆಗೆ. 1982ರಿಂದ ಬೆಂಗಳೂರಿನಲ್ಲಿ ಆರ್ಟಿಸ್ಟ್ಸ್ ರೆಪರ್ಟರಿ ಥಿಯೇಟರ್ ನಡೆಸುತ್ತಿದ್ದ ಜಗದೀಶ್ ರಾಜಾ ಮತ್ತು ಅರುಂಧತಿ ರಾಜಾ ದಂಪತಿಗಳು ರಾಮಗೊಂಡನಹಳ್ಳಿಯ ತಮ್ಮ ಜಮೀನಿನಲ್ಲಿಯೇ ಕಟ್ಟಿಸಿದ ಜಾಗೃತಿ ರಂಗಮಂದಿರವು 2011ರಲ್ಲಿ ತೆರೆಯಿತು. ತೋಟದ ನೆಲವು ಬಡಾವಣೆಯಾಗದೆ ರಂಗಭೂಮಿಯಾದ ಉದಾಹರಣೆಗಳು ಈ ಸೀಮೆಯಲ್ಲಿ ಹೆಚ್ಚಿಲ್ಲವಾಗಿ ಅವರ ಸಾಹಸವನ್ನು ಮೆಚ್ಚಬೇಕು. ಅಲ್ಲಿ ಬಹುಪಾಲು ಕೇಳಿಬರುವುದು ಇಂಗ್ಲಿಷ್ ನಾಟಕಗಳು. ವೈಟ್‌ಫೀಲ್ಡಿನ ಹುಟ್ಟನ್ನು ನೆನೆದರೆ ಅದು ಅಸಹಜವೂ ಅಲ್ಲ.

ಕಾಲೇಜುಗಳಲ್ಲಿ ಇಂದು ಮೂಕಾಭಿನಯವೆಂದು ಕರೆಯುವುದು ಬೇರೆ ವಂಶದ್ದು. ವಿಶ್ವವಿದ್ಯಾನಿಲಯಗಳ ಯುವಜನೋತ್ಸವಗಳಲ್ಲಿ ಅದು ಒಂದು ಸ್ಪರ್ಧೆ. ಆರು ಮಂದಿ, ಐದು ನಿಮಿಷ, ಮುಖಕ್ಕೆ ಬಿಳಿಯ ಬಣ್ಣ. ಆ ಬಿಳಿಯ ಬಣ್ಣವು ಫ್ರಾನ್ಸಿನ ಪಿಯೆರೋ ಎಂಬ ಹಾಸ್ಯಪಾತ್ರದಿಂದ ಇಳಿದು, 1947ರಲ್ಲಿ ಬಿಪ್ ಎಂಬ ಪಾತ್ರವನ್ನು ಸೃಷ್ಟಿಸಿದ ಮಾರ್ಸೆಲ್ ಮಾರ್ಸೋನ ಮುಖದ ಮೂಲಕ ಜಗತ್ತಿಗೆಲ್ಲ ಹಬ್ಬಿತು. ಮದ್ಯಪಾನ, ಅಪಘಾತ, ಮೊಬೈಲಿನ ವ್ಯಾಮೋಹ ಇವೇ ಅದರ ಪುರಾಣಗಳು. ಐದು ನಿಮಿಷದಲ್ಲಿ ಎಲ್ಲರಿಗೂ ತಿಳಿಯಬೇಕೆಂದರೆ ಎಲ್ಲರಿಗೂ ಮೊದಲೇ ತಿಳಿದಿರುವುದನ್ನೇ ಆಡಬೇಕಾಗುತ್ತದೆ. ಇದನ್ನು ದೂಷಿಸುವುದಕ್ಕೆ ಹೇಳುತ್ತಿಲ್ಲ. ಮಾತಿನ ನೆರವನ್ನು ಪೂರ್ತಿಯಾಗಿ ತೊರೆದವನೆಂದು ಲೋಕವೇ ಕೊಂಡಾಡಿದ ಮಾರ್ಸೋನ ಪ್ರದರ್ಶನಗಳಲ್ಲಿಯೂ ಪ್ರತಿಯೊಂದು ಆಟಕ್ಕೆ ಮುಂಚೆ ಪಿಯೆರ್ ವೆರಿ ಎಂಬ ಸಹನಟನು ವಿಚಿತ್ರವೇಷದಲ್ಲಿ ಬಂದು, ಶಿಲಾಪ್ರತಿಮೆಯಂತೆ ನಿಶ್ಚಲನಾಗಿ ನಿಂತು, ಆಟದ ಹೆಸರನ್ನು ಬರೆದ ಫಲಕವನ್ನು ಜನರಿಗೆ ಹಿಡಿದು ತೋರಿಸಿ ಹೋಗುತ್ತಿದ್ದನು. ಕಾರ್ತೇಜಿನ ಸಾರುವವನಿಗೂ ನಮ್ಮ ಬಯಲಾಟದ ಸಾರಥಿಗೂ ಆತನು ಸಗೋತ್ರದವನೇ. ಈಚಿನ ವರ್ಷಗಳಲ್ಲಿ ಬೆಂಗಳೂರಿನ ಕರಗವನ್ನು ದೂರದರ್ಶನದ ವಾಹಿನಿಗಳು ರಾತ್ರಿಯಿಡೀ ನೇರವಾಗಿ ತೋರಿಸುತ್ತಿರುವುದರಿಂದ, ತಿಮಿರಾಸುರನ ಕಥೆಯನ್ನು ಅರಿಯದೆ ಈ ಬಯಲಿನ ಹೊಸ ಬಡಾವಣೆಗಳಲ್ಲಿ ನೆಲೆಸಿದವರಿಗೆ ಆ ಕೆಲಸವನ್ನು ಈಗ ವಾರ್ತಾವಾಚಕನು ಮಾಡುತ್ತಿದ್ದಾನೆ. ಅರ್ಚಕನು ಗುಡಿಯಿಂದ ಹೊರಬೀಳುವ ಘಳಿಗೆ ತಡವಾದಷ್ಟೂ ಅವನು ಕಥೆಯನ್ನು ಮತ್ತೆ ಮೊದಲಿನಿಂದ ಹೇಳುತ್ತಾನೆ.